ಕೇಳದೇ ತುಂಬಿದ ಕಾರ್ಡು

ಬಬಲೇಶ್ವರ
೧೪ ಅಕ್ಟೋಬರ ೧೯೪೬

ಶ್ರೀ ಶಿವಯೋಗೆಪ್ಪನವರಿಗೆ ಭಾಗಪ್ಪನ ನಮಸ್ಕಾರ.

ತಿಕೋಟಾದ ಹಳ್ಳದ ದಂಡೆಯಲ್ಲಿ ನಾವಿಬ್ಬರೇ ಇದ್ದಾಗ ನಾನು ನಿಮಗೆ ‘ಶಿವ್ಯಾ’ ಅನ್ನುತ್ತಿದ್ದೆ. ಈಗ ನೀವು ವಿಜಾಪುರದ ಕೆಲಸ ಕೊಡಿಸುವ ಸರಕಾರಿ ಕಚೇರಿಯಲ್ಲಿ ಕಾರಕೂನರು. ಲಕೋಟೆಯ ಮೇಲೆ ಹಾಗೆ ಬರೆದರೆ ಟಪಾಲಿನ ಚಮನಸಾಬ ನಗುತ್ತಾನೆ. ಒಳಗೂ ‘ನೀವು’ ಎಂದೇ ಇರಲಿ ಅಂತ ಬಿಟ್ಟೆ.

ಆಗಸ್ಟಿನಲ್ಲಿ ಫೌಜಿನಿಂದ ಬಂದವರೆಲ್ಲ ನಿಮ್ಮ ಕಚೇರಿಯ ಮುಂದೆ ಸಾಲು ಹಚ್ಚಿದ್ದಾಗ ನಾನೂ ನಿಂತಿದ್ದೆ. ನೀವು ಕಂಡು ಹೆಸರು ಹಿಡಿದು ಕರೆದಿರಿ. ಬದಿಯ ಕೋಣೆಗೆ ಕರೆದೊಯ್ದು ನನ್ನ ಕಾರ್ಡನ್ನು ನಿಮ್ಮ ಕೈಯಿಂದಲೇ ತುಂಬಿ, “ನೀ ಹೋಗು, ಮುಂದಿಂದು ನಾ ನೋಡ್ಕೋತೀನಿ” ಅಂದಿರಿ. ನಾನು ಊರಿಗೆ ಬಂದೆ.

ಮೊನ್ನೆ ನಿಮ್ಮ ಕಚೇರಿಯಿಂದ ಕಾಗದ ಬಂತು. ಒಂದು ಸರಕಾರಿ ಗೋದಾಮಿನಲ್ಲಿ ಝಾಡಮಾಲಿಯ ಜಾಗ ಖಾಲಿ ಇದೆ, ಹೋಗಿ ಕಸ ಹೊಡೆಯುವ ಕೆಲಸಕ್ಕೆ ಹಾಜರಾಗು ಎಂದಿದೆ. ಹೆಸರು ನನ್ನದೇ, ಫೌಜಿನ ನಂಬರೂ ನನ್ನದೇ. ಏನೋ ತಪ್ಪಾಗಿರಬೇಕು.

ನಾನು ಬ್ರಹ್ಮದೇಶದ ದಾರಿಯಲ್ಲಿ ಮೂರು ವರ್ಷ ಲಾರಿಗಳ ಎಂಜಿನ್ ಬಿಚ್ಚಿ ಜೋಡಿಸಿದವನು. ಫಿಟರ್ ಪರೀಕ್ಷೆ ಪಾಸಾಗಿದ್ದೇನೆ. ಬಿಡುಗಡೆಯ ಪುಸ್ತಕದಲ್ಲಿ ಅದು ಬರೆದಿದೆ. ಆ ಪುಸ್ತಕ ಅವತ್ತು ನಿಮ್ಮ ಟೇಬಲ್ಲಿನ ಮೇಲೆ ಇಟ್ಟಿದ್ದೆ. ಫೌಜಿನಿಂದ ಬಿಡುವ ಮುಂಚೆ ನಮ್ಮನ್ನು ಮೈದಾನದಲ್ಲಿ ಕೂಡಿಸಿ, ಕಲಿತ ಕೈಗೆ ತಕ್ಕ ಕೆಲಸ ಕೊಡುತ್ತೇವೆ, ಅದಕ್ಕೂ ಮೊದಲು ಪುಣೆಯಲ್ಲಿ ಒಂದು ವರ್ಷ ತರಬೇತಿ ಕೊಟ್ಟು ಸರ್ಟಿಫಿಕೇಟು ಕೊಡುತ್ತೇವೆ, ಇದು ಸರಕಾರದ ಯೋಜನೆ ಎಂದು ಹೇಳಿದ್ದರು. ಬಿಡುಗಡೆಯಾಗಿ ವರ್ಷ ತುಂಬುವುದರೊಳಗೆ ಪುಣೆಗೆ ಹೆಸರು ಹೋಗಬೇಕಂತೆ. ನನ್ನದು ಫೆಬ್ರುವರಿಗೆ ತುಂಬುತ್ತದೆ. ಅದಕ್ಕೂ ಮೊದಲು ಹೋಗುವ ಹೆಸರುಗಳ ಕಡೆಯ ಯಾದಿ ಜನವರಿ ಮೂವತ್ತೊಂದರದು. ಅದಕ್ಕೆ ನಿಮ್ಮನ್ನು ಬಿಟ್ಟು ಬೇರೆ ಯಾರನ್ನು ಕೇಳಲಿ?

ತಮ್ಮ
ಭಾಗಪ್ಪ


ವಿಜಾಪುರ
೧೯ ಅಕ್ಟೋಬರ ೧೯೪೬

ಭಾಗಪ್ಪ, ಶರಣು.

ನಿನ್ನ ಕಾಗದ ಮುಟ್ಟಿತು. ನೀನು ‘ನೀವು’ ಅಂದದ್ದಕ್ಕೆ ಬೈಯಬೇಕೆಂದಿದ್ದೆ. ಮುಂದಿನದನ್ನು ಓದಿ ಅದು ಮರೆತೇ ಹೋಯಿತು.

ನಮ್ಮ ಕಚೇರಿ ಹೇಗಿದೆ ಎಂದು ನೋಡಿದ್ದೀಯಲ್ಲ. ಬಾದಶಾಹಿ ಕಾಲದ ಕಮಾನು, ಮೇಲೆ ಪಾರಿವಾಳ, ಕೆಳಗೆ ನಾವು ಒಂಬತ್ತು ಜನ ಹಂಗಾಮಿ ಕಾರಕೂನರು. ಮೇಲಿನಿಂದ ಪಾರಿವಾಳ ಏನು ಹಾಕುತ್ತವೋ ಅದನ್ನು ಒರೆಸಿ ಕೆಳಗೆ ಸರಕಾರದ ಯೋಜನೆ ಬರೆಯುತ್ತೇವೆ. ಸಾವಿರಾರು ಕಾರ್ಡು. ಅವು ಪುಣೆಗೆ ಹೋಗುತ್ತವೆ, ಅಲ್ಲಿ ಒಬ್ಬೊಬ್ಬರಿಗೆ ಒಂದು ಕಸುಬಿನ ನಂಬರು ಹಚ್ಚುತ್ತಾರೆ. ಅಲ್ಲಿ ಯಾರೋ ನಿನ್ನ ನಂಬರು ತಪ್ಪು ಹಚ್ಚಿದ್ದಾರೆ. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೆಲಸ ಮಾಡುವವರು ಎಲ್ಲಿದ್ದಾರೆ ಹೇಳು. ನಾನು ಬರೆದು ಸರಿ ಮಾಡಿಸುತ್ತೇನೆ. ಆ ಗೋದಾಮಿಗೆ ಹೋಗಬೇಡ. ಚಿಂತೆ ಬಿಡು.

ನಿನ್ನ
ಶಿವಯೋಗೆಪ್ಪ


ಬಬಲೇಶ್ವರ
೪ ನವೆಂಬರ ೧೯೪೬

ಶಿವಯೋಗೆಪ್ಪನವರಿಗೆ ನಮಸ್ಕಾರ.

ನೀವು ಹೇಳಿದಂತೆ ಗೋದಾಮಿಗೆ ಹೋಗಲಿಲ್ಲ. ಕೊಟ್ಟ ಕೆಲಸ ಬೇಡ ಎಂದವನು ಎಂದು ಒಂದು ಸಲ ಬರೆದುಕೊಂಡಿದ್ದಾರಂತೆ. ಎರಡನೆಯ ಸಲವೂ ಬೇಡ ಅಂದರೆ ಹೆಸರು ಹೊಡೆದುಹಾಕುತ್ತಾರಂತೆ.

ಇಲ್ಲಿ ಮಾವನ ಮನೆಯಲ್ಲಿದ್ದೇನೆ. ಸಂತೆಯ ಹಾದಿಯ ಹಿಟ್ಟಿನ ಗಿರಣಿಯ ಎಂಜಿನ್ ಕೆಟ್ಟಿತ್ತು, ಎರಡು ದಿನದಲ್ಲಿ ಎಬ್ಬಿಸಿ ಕೊಟ್ಟೆ. ಗಿರಣಿಯವರು ಸಂತೋಷಪಟ್ಟರು. ನಾನು ಮುಟ್ಟಿದ್ದೆಲ್ಲವನ್ನೂ ಆಮೇಲೆ ತೊಳೆಸಿದರು. ಮುಂದಿನ ವಾರ ಮತ್ತೆ ಕೆಟ್ಟರೆ ಮತ್ತೆ ಕರೆಯುತ್ತಾರೆ.

ನನ್ನ ಹೆಂಡತಿ ಚಂದ್ರಾಬಾಯಿ ಕೇರಿಯ ತುಂಬ ಹೇಳಿಕೊಂಡು ತಿರುಗುತ್ತಿದ್ದಾಳೆ, ವಿಜಾಪುರದ ಕಚೇರಿಯಲ್ಲಿ ನಮ್ಮವರೊಬ್ಬರು ಇದ್ದಾರೆ ಎಂದು. ನಿಮಗೆ ರೊಟ್ಟಿಯ ಜೊತೆ ತಿನ್ನಲು ಖಾರ ಹಾಕಿ ಶೇಂಗಾ ಹಿಂಡಿ ಕುಟ್ಟಿ ಚಮನಸಾಬನ ಕೈಯಲ್ಲಿ ಕಳಿಸಿದ್ದಾಳೆ. ನಾನು ಬೇಡ ಅಂದೆ. “ಯಾಕ, ಅವರ ಮನ್ಯಾಗ ಹಿಂಡಿ ತಿನ್ನಂಗಿಲ್ಲೇನು?” ಅಂತ ಕೇಳಿದಳು. ಏನು ಹೇಳಲಿ? ತಿನ್ನುವುದು ಬಿಡುವುದು ನಿಮಗೆ ಬಿಟ್ಟದ್ದು.

ತಮ್ಮ
ಭಾಗಪ್ಪ


ವಿಜಾಪುರ
೨ ಡಿಸೆಂಬರ ೧೯೪೬

ಭಾಗಪ್ಪ, ಶರಣು.

ಬರೆಯಲು ತಡವಾಯಿತು. ಕೈತುಂಬ ಕೆಲಸ. ಪುಣೆಗೆ ಬರೆದಿದ್ದೇನೆ, ಉತ್ತರ ಬಂದಿಲ್ಲ. ಬಂದ ಕೂಡಲೇ ತಿಳಿಸುತ್ತೇನೆ. ಹಿಂಡಿ ರುಚಿಯಾಗಿತ್ತು ಎಂದು ತಂಗಿಗೆ ಹೇಳು.

ಶಿವಯೋಗೆಪ್ಪ


ಬಬಲೇಶ್ವರ
೨೭ ಡಿಸೆಂಬರ ೧೯೪೬

ಶಿವಯೋಗೆಪ್ಪನವರಿಗೆ ನಮಸ್ಕಾರ.

ಗಿರಣಿಯ ಗಾಲಿಗೆ ಹಾಕುವ ಒಂದು ಪಟ್ಟಾ ತರಲು ಮೊನ್ನೆ ವಿಜಾಪುರಕ್ಕೆ ಬಂದಿದ್ದೆ. ನಿಮ್ಮ ಕಚೇರಿಗೂ ಬಂದೆ. ನೀವು ಊಟಕ್ಕೆ ಹೋಗಿದ್ದಿರಿ. ನಿಮ್ಮ ಪಕ್ಕದಲ್ಲಿ ಕೂಡುವ ಬಸಲಿಂಗಯ್ಯನವರು ಹೊರಗೆ ಎಲೆ ಅಡಿಕೆ ಹಾಕಿಕೊಳ್ಳುತ್ತ ನಿಂತಿದ್ದರು. ದೂರದಿಂದಲೇ ಕೇಳಿದೆ, ಪುಣೆಯಿಂದ ಕಾರ್ಡು ತಿರುಗಿ ಬಂದಿವೆಯೇನ್ರಿ ಅಂತ. ಅವರು ನಕ್ಕರು. “ಕಾರ್ಡ ಪುಣೆಗ್ಯಾಕ ಹೋಗತಾವೋ? ಎಲ್ಲಾ ಇಲ್ಲೇ ಖಾನೇದಾಗ ಅದಾವ. ನಂಬರ ಹಚ್ಚಾವ್ರೂ ನಾವ. ಪುಣೆಗ ಹೋಗೂದು ಬರೇ ಹೆಸರಿನ ಯಾದಿ,” ಅಂದರು.

ಅವರಿಗೆ ತಿಳಿದಿರಲಿಕ್ಕಿಲ್ಲ ಎಂದು ನಾನು ಅಂದುಕೊಳ್ಳಲೇ? ತಾವು ಒಂದು ಮಾತು ಬರೆದು ತಿಳಿಸಬೇಕು.

ಭಾಗಪ್ಪ


ವಿಜಾಪುರ
೮ ಜನವರಿ ೧೯೪೭

ಭಾಗಪ್ಪ,

ಶರಣು ಎಂದು ಬರೆಯಲೂ ಕೈ ಬರುತ್ತಿಲ್ಲ.

ಬಸಲಿಂಗಯ್ಯ ಹೇಳಿದ್ದು ಖರೆ. ನಿನ್ನ ಕಾರ್ಡು ಪುಣೆಯ ಮುಖ ನೋಡಿಲ್ಲ. ನಾನು ಕೂತಲ್ಲಿಂದ ಕೈ ಚಾಚಿದರೆ ಸಿಗುವ ಕಪಾಟಿನ ಖಾನೆಯಲ್ಲಿ ಐದು ತಿಂಗಳಿಂದ ಇದೆ. ಪುಣೆಗೆ ನಾನು ಒಂದು ಚೀಟಿಯನ್ನೂ ಬರೆದಿಲ್ಲ. ತಪ್ಪು ಬರೆದವನು ನಾನೇ.

ನಮ್ಮ ಕಚೇರಿಯ ಸಾಹೇಬರ ಕಟ್ಟಪ್ಪಣೆ ಹೀಗಿತ್ತು. ಬಂದ ಪ್ರತಿಯೊಬ್ಬ ಸಿಪಾಯಿಯನ್ನು ಕಾರಕೂನನ ಎದುರಿನ ಕುರ್ಚಿಯಲ್ಲಿ ಕೂಡಿಸಬೇಕು, ಹನ್ನೊಂದು ಪ್ರಶ್ನೆ ಬಾಯಿ ಬಿಟ್ಟು ಕೇಳಬೇಕು, ಅವನು ಹೇಳಿದ್ದನ್ನೇ ಬರೆಯಬೇಕು. ನಿನಗೆ ನಾನು ಒಂದನ್ನೂ ಕೇಳಲಿಲ್ಲ. ಹುಟ್ಟಿದಾಗಿನಿಂದ ಗೊತ್ತಿದ್ದವನಿಗೆ ಏನು ಕೇಳುವುದು ಎಂದುಕೊಂಡೆ, ಹೀಗೆ ಬರೆದು ಕಾಗದ ಮುಗಿಸಬಹುದಿತ್ತು. ಅದು ಅರ್ಧ ಸುಳ್ಳು. ಸುಳ್ಳು ಹೇಳಿ ಹೇಳಿ ಸಾಕಾಗಿದೆ.

ಅವತ್ತು ಸಾಲಿನಲ್ಲಿ ನಿನ್ನನ್ನು ಕಂಡಾಗ ಹಿಗ್ಗಿದ್ದು ನಿಜ. ಮರುಗಳಿಗೆಯಲ್ಲೇ ನನ್ನ ಎದುರಿನ ಕುರ್ಚಿ ಕಂಡಿತು. ಇನ್ನು ನಾಲ್ಕು ಜನರಾದ ಮೇಲೆ ನೀನು ಬಂದು ಅದರಲ್ಲಿ ಕೂಡುತ್ತೀ, ಪಕ್ಕದಲ್ಲಿ ಬಸಲಿಂಗಯ್ಯ ಮಡಿ, ಲಿಂಗಪೂಜೆಯವರು, ಏನಂದಾರು? ನಿನ್ನನ್ನು ನಿಲ್ಲಿಸಿ ಕೇಳಿದರೆ ಸಾಹೇಬರು ಏನಂದಾರು? ಅದಕ್ಕೇ ನಿನ್ನ ಹೆಸರು ಕೂಗಿ ಬದಿಯ ಕೋಣೆಗೆ ಕರೆದೊಯ್ದೆ. ಅಲ್ಲಿ ಟೇಬಲ್ಲಿನ ಎದುರು ಎರಡನೆಯ ಕುರ್ಚಿ ಇರಲಿಲ್ಲ. ಎಲ್ಲರಿಗೂ ಅದು ಗೆಳೆತನದಂತೆ ಕಂಡಿತು. ನಿನಗೂ ಹಾಗೇ ಕಂಡಿರಬೇಕು. ನನಗಂತೂ ಹಾಗೇ ಕಂಡಿತು, ಅದೇ ನನ್ನ ದೊಡ್ಡ ನಾಚಿಕೆ.

ಲಗುಲಗು ಬರೆದೆ. ಏಳನೆಯದು, ‘ಮೊದಲಿನ ಉದ್ಯೋಗ’. ನಿಮ್ಮಪ್ಪ ತಿಕೋಟಾದ ಚಾವಡಿಯ ಕಸ ಹೊಡೆಯುವುದನ್ನು ದಿನಾ ನೋಡಿ ಬೆಳೆದವನು ನಾನು. ‘ಊರ ಚಾಕರಿ, ಕಸ ಬಳಿಯುವುದು’ ಎಂದು ಬರೆದೆ. ನಿನ್ನ ಬಿಡುಗಡೆಯ ಪುಸ್ತಕ ನನ್ನ ಮೊಣಕೈ ಹತ್ತಿರ ಬಿದ್ದಿತ್ತು. ತೆರೆಯಲಿಲ್ಲ.

ಸರಿ ಮಾಡಿಸುವುದು ಹೇಗೆ ಎಂದರೆ, ಕಾರ್ಡು ಬರೆದ ಕಾರಕೂನನೇ ‘ಇದು ನನ್ನ ತಪ್ಪು’ ಎಂದು ಸಾಹೇಬರಿಗೆ ಬರೆದು ಕೊಡಬೇಕು. ಫೆಬ್ರುವರಿ ಒಂದಕ್ಕೆ ನಮ್ಮ ಒಂಬತ್ತು ಜನರಲ್ಲಿ ಆರು ಜನರನ್ನು ಕಾಯಂ ಮಾಡುತ್ತಾರೆ. ತಪ್ಪು ಒಪ್ಪಿಕೊಂಡವನನ್ನು ಮಾಡುತ್ತಾರೆಯೆ? ಇದೇ ಹೆದರಿಕೆಯಲ್ಲಿ ಮೂರು ತಿಂಗಳು ಕಳೆದೆ.

ಇನ್ನೊಂದು. ಹಿಂಡಿ ರುಚಿಯಾಗಿತ್ತು ಎಂದು ಬರೆದಿದ್ದೆನಲ್ಲ, ನನ್ನ ಹೆಂಡತಿ ಗುರುಬಸವ್ವ ಅದನ್ನು ಎಮ್ಮೆಯ ಬಾನಿಗೆ ಸುರುವಿದಳು. ನಾನು ನೋಡುತ್ತ ನಿಂತಿದ್ದೆ.

ಕ್ಷಮಿಸು ಎಂದು ಕೇಳುವ ಮುಖವಿಲ್ಲ. ಆದರೂ ಕೇಳುತ್ತೇನೆ.

ಶಿವಯೋಗೆಪ್ಪ


ಬಬಲೇಶ್ವರ
೧೫ ಜನವರಿ ೧೯೪೭

ಶಿವಯೋಗೆಪ್ಪನವರಿಗೆ,

ನೀವು ಏನು ಬರೆದಿದ್ದಿರಿ ಎಂಬುದು ನನಗೆ ಅವತ್ತೇ ಗೊತ್ತಿತ್ತು.

ನಾನು ಅಕ್ಷರ ಕಲಿತದ್ದು ಸಾಲಿಯ ಕಿಟಕಿಯ ಹೊರಗೆ ನಿಂತು. ಒಳಗೆ ಕಿಟಕಿಯ ಹತ್ತಿರ ಕೂತ ಹುಡುಗರ ಪಾಟಿ ನನಗೆ ತಲೆಕೆಳಗಾಗಿ ಕಾಣುತ್ತಿತ್ತು, ಹಾಗೇ ಓದುತ್ತಿದ್ದೆ. ನಿಮ್ಮ ಟೇಬಲ್ಲಿನ ಆಚೆ ನಿಂತು ನೀವು ಬರೆದ ಏಳನೆಯದನ್ನು ಹಾಗೇ ಓದಿದೆ. ‘ಅಲ್ರಿ, ನಾ ಫಿಟರ್ ಅದೇನಿ’ ಅಂದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಅನ್ನಲಿಲ್ಲ. ಅಷ್ಟು ಜನರ ಎದುರು ನನ್ನ ಹೆಸರು ಹಿಡಿದು ಕರೆದಿದ್ದಿರಿ. ನಿಮಗೆ ಮುಜುಗರ ಆಗಬಾರದು ಅಂತ ಸುಮ್ಮನಾದೆ. ಪುಸ್ತಕ ತಿರುಗಿ ಕೊಡುವ ಮುಂಚೆ ನೀವೇ ನೋಡಿ ತಿದ್ದೀರಿ ಎಂದುಕೊಂಡೆ. ಕಾಗದ ಬಂದಾಗಲೂ ‘ಏನೋ ತಪ್ಪಾಗಿದೆ’ ಎಂದಷ್ಟೇ ಬರೆದೆ, ನೀವೇ ಬಾಯಿ ಬಿಡಲಿ ಅಂತ. ಗುಂಡು ಬೀಳುವಲ್ಲಿ ಲಾರಿಯ ಕೆಳಗೆ ಮಲಗಿ ನಟ್ಟು ಬಿಗಿದವನು ನಾನು. ನಿಮ್ಮ ಟೇಬಲ್ಲಿನ ಮುಂದೆ ಬಾಯಿ ಬರಲಿಲ್ಲ. ಚಂದ್ರಾಬಾಯಿಗೆ ಇದನ್ನು ಇವತ್ತಿಗೂ ಹೇಳಿಲ್ಲ. ನನ್ನ ಪಾಲಿನ ತಪ್ಪು ನನಗಿದೆ.

ನಿಮ್ಮ ಕಾಗದವನ್ನು ಇದರ ಜೊತೆ ತಿರುಗಿ ಕಳಿಸಿದ್ದೇನೆ. ಇದು ನನಗೆ ಬರೆಯುವ ಕಾಗದ ಅಲ್ಲ. ನಾನು ಓದಿ ಕಣ್ಣೀರು ಹಾಕಿದರೆ ಕಾರ್ಡು ಸರಿಯಾಗುವುದಿಲ್ಲ. ಇದನ್ನೇ ಸಾಹೇಬರ ಕೈಗೆ ಕೊಡಿ. ಯಾದಿ ಹೋಗಲು ಇನ್ನೂ ಹದಿನಾರು ದಿನ ಇವೆ.

ಭಾಗಪ್ಪ


ವಿಜಾಪುರ
೫ ಫೆಬ್ರುವರಿ ೧೯೪೭

ಭಾಗಪ್ಪ,

ಕೊಟ್ಟೆ. ಮೊನ್ನೆ ಸೋಮವಾರ ಕೊಟ್ಟೆ.

ನಿನಗೆ ದಿನ ಎಣಿಸುವುದು ಗೊತ್ತಿದೆ, ಆದರೂ ನಾನೇ ಹೇಳಬೇಕು. ನಿನ್ನ ಲಕೋಟೆ ನನಗೆ ಜನವರಿ ಹದಿನೇಳಕ್ಕೆ ಮುಟ್ಟಿತು. ಅಂದಿನಿಂದ ನನ್ನ ಕೋಟಿನ ಕಿಸೆಯಲ್ಲಿತ್ತು. ದಿನಾ ಮುಂಜಾನೆ ಇವತ್ತು ಕೊಡುತ್ತೇನೆ ಎಂದು ಮನೆ ಬಿಡುತ್ತಿದ್ದೆ, ಸಂಜೆ ಅದರ ಜೊತೆಗೇ ತಿರುಗಿ ಬರುತ್ತಿದ್ದೆ. ಮೂವತ್ತೊಂದಕ್ಕೆ, ಶುಕ್ರವಾರ, ಪುಣೆಯ ಯಾದಿ ಹೊರಟಿತು. ಅದನ್ನು ನಕಲು ಮಾಡಿದವನೂ ನಾನೇ. ನಿನ್ನ ಹೆಸರಿಲ್ಲದ ಯಾದಿಯನ್ನು ದುಂಡಗೆ ಬರೆದು, ಅರಗು ಒತ್ತಿ, ಟಪಾಲಿಗೆ ಹಾಕಿದೆ. ಶನಿವಾರ ಕಾಯಂ ಹುಕುಂ ಬಂತು. ಆರು ಹೆಸರಿನಲ್ಲಿ ನಾಲ್ಕನೆಯದು ನನ್ನದು. ಮನೆಯಲ್ಲಿ ಹೋಳಿಗೆ ಮಾಡಿದ್ದರು. ಗಂಟಲಲ್ಲಿ ಇಳಿಯಲಿಲ್ಲ ಎಂದು ಬರೆದರೆ ಅದೂ ಸುಳ್ಳಾಗುತ್ತದೆ. ಎರಡು ತಿಂದೆ.

ಸೋಮವಾರ ಸಾಹೇಬರ ಮುಂದೆ ಕಾಗದ ಇಟ್ಟೆ. ಅವರು ‘ಏಳನೆಯದು’ ಎಂದಿದ್ದ ಕಡೆ ಮಾತ್ರ ಕಣ್ಣು ಹಾಯಿಸಿದರು. ಖಾನೆಯಿಂದ ನಿನ್ನ ಕಾರ್ಡು ತರಿಸಿದರು. ಏಳನೆಯದರ ಮೇಲೆ ಕೆಂಪು ಮಸಿಯಿಂದ ಒಂದು ಗೆರೆ ಎಳೆದು, ಮೇಲೆ ‘ಫಿಟರ್’ ಎಂದು ಬರೆದು ಸಹಿ ಮಾಡಿದರು. ಎಲೆಗೆ ಸುಣ್ಣ ಹಚ್ಚುವಷ್ಟು ಹೊತ್ತು, ಅಷ್ಟೇ. ಬೈಯಲಿಲ್ಲ, ಒಂದು ಪ್ರಶ್ನೆ ಕೇಳಲಿಲ್ಲ. ನಾನು ಹೆದರಿದ್ದು ಇದಕ್ಕೆ.

ಪುಣೆಯ ಯಾದಿಗೆ ಹೆಸರು ಸೇರಿಸಬಹುದೇ ಎಂದು ಕೇಳಿದೆ. ಅವರು ಕ್ಯಾಲೆಂಡರು ನೋಡಿದರು. “ಶುಕ್ರವಾರ ಹೋತಲ್ರಿ ಅದು. ಬೇಸ್ತವಾರ ಕೊಟ್ಟಿದ್ರೂ ಆಗತಿತ್ತು. ಈಗ ಆ ಮನಷ್ಯಾಂದು ವರ್ಷ ತುಂಬತದ, ಕಾಯಿದೆ ಬಿಡೂದಿಲ್ಲ,” ಎಂದರು.

ಆಮೇಲೆ ಅವರು ಹೊರಗೆ ಬಂದು ಎಲ್ಲ ಕಾರಕೂನರನ್ನು ಕರೆದು, ತಪ್ಪು ಎಲ್ಲರೂ ಮಾಡುತ್ತಾರೆ, ಯಾರೂ ಕೇಳದೆಯೇ ಬಂದು ಒಪ್ಪಿಕೊಳ್ಳುವವರು ಶಿವಯೋಗೆಪ್ಪನಂಥವರು, ಇವರನ್ನು ನೋಡಿ ಕಲಿಯಿರಿ ಎಂದರು. ಬಸಲಿಂಗಯ್ಯ ನನ್ನ ಬೆನ್ನು ತಟ್ಟಿದರು. ನಾನು ತಲೆ ತಗ್ಗಿಸಿ ನಿಂತಿದ್ದೆ. ಅದನ್ನೂ ವಿನಯ ಎಂದುಕೊಂಡರು.

ಭಾಗಪ್ಪ, ನಿನ್ನ ಬಾಯಿಂದ ಒಂದು ಬೈಗಳ ಕೇಳಿದ್ದರೂ ನನಗೆ ಸಮಾಧಾನವಾಗುತ್ತಿತ್ತು.

ಶಿವಯೋಗೆಪ್ಪ


ಸೋಲಾಪುರ
೨೦ ಏಪ್ರಿಲ್ ೧೯೪೭

ಶಿವಯೋಗೆಪ್ಪನವರಿಗೆ,

ನಾನು ಊರು ಬಿಟ್ಟು ಎರಡು ತಿಂಗಳಾಯಿತು. ಇಲ್ಲಿ ಒಂದು ಮೋಟಾರು ಕಾರಖಾನೆಯಲ್ಲಿ ಲಾರಿ ತೊಳೆಯುವ ಕೆಲಸ. ಎಂಜಿನ್ ಮುಟ್ಟಬೇಕಾದರೆ ಸರ್ಟಿಫಿಕೇಟು ಬೇಕಂತೆ. ಫೌಜಿನ ಪುಸ್ತಕ ತೋರಿಸಿದೆ, ಅದು ಯುದ್ಧದ ಮಾತಾಯಿತು ಅಂದರು. ನನ್ನ ಮುಂದೆ ಎಂಜಿನ್ ತಪ್ಪು ಜೋಡಿಸುತ್ತಾರೆ, ನಾನು ಗಾಲಿ ತೊಳೆಯುತ್ತ ನೋಡುತ್ತೇನೆ. ಒಂದೆರಡು ಸಲ ಹೇಳಿದೆ. ಈಗ ಹೇಳುವುದಿಲ್ಲ.

ನಿಮ್ಮ ಮೇಲೆ ಸಿಟ್ಟಿಲ್ಲ ಎಂದು ಬರೆಯಲು ಮೂರು ಸಲ ಕೂತೆ. ಸಿಟ್ಟಿದೆ. ಕಾರ್ಡು ತಪ್ಪು ಬರೆದದ್ದಕ್ಕೆ ಅಷ್ಟಿಲ್ಲ. ಕಾಗದ ಕಿಸೆಯಲ್ಲಿಟ್ಟುಕೊಂಡು ತಿರುಗಿದ್ದಕ್ಕೆ ಇದೆ. ಬೈಗಳ ಬೇಕು ಎಂದು ಕೇಳಿದ್ದೀರಿ. ಬೈದು ನಿಮ್ಮನ್ನು ಹಗುರ ಮಾಡುವುದಿಲ್ಲ.

ಒಂದು ಕೇಳುವುದಿದೆ. ಅವತ್ತು ಸಾಲಿನಲ್ಲಿ ನನ್ನ ಹಿಂದೆ ತಿಕೋಟಾ, ಅರಕೇರಿ, ಬಬಲೇಶ್ವರದ ಕೇರಿಯವರು ಇನ್ನೂ ಆರು ಜನ ಇದ್ದರು. ನಾನು ಗೇಟಿನ ಹತ್ತಿರ ನೀರು ಕುಡಿಯುತ್ತ ನೋಡಿದೆ. ನನ್ನದಾದ ಮೇಲೆ ಅವರನ್ನೂ ನೀವು ಒಬ್ಬೊಬ್ಬರನ್ನಾಗಿ ಬದಿಯ ಕೋಣೆಗೆ ಕರೆದಿರಿ. ಅವರಿಗೆ ಓದಲು ಬರುವುದಿಲ್ಲ. ಅವರ ಏಳನೆಯದರಲ್ಲಿ ಏನು ಬರೆದಿರಿ?

ಇದಕ್ಕೆ ಉತ್ತರ ಇದ್ದರೆ ಬರೆಯಿರಿ. ಇಲ್ಲದಿದ್ದರೆ ಕಾಗದ ಬೇಡ.

ಭಾಗಪ್ಪ


ತಿಕೋಟಾ
೧೧ ಮೇ ೧೯೪೭

ಭಾಗಪ್ಪ,

ಉತ್ತರ ಬರೆಯುತ್ತಿದ್ದೇನೆ.

ನಿನ್ನ ಕಾಗದ ಬಂದ ಮಾರನೆಯ ದಿನ ಎಲ್ಲ ಖಾನೆ ತೆಗೆದು ಕೂತೆ. ನೀನು ಕಂಡ ಆರಷ್ಟೇ ಅಲ್ಲ. ಆರು ತಿಂಗಳಲ್ಲಿ ಬದಿಯ ಕೋಣೆಯಲ್ಲಿ ನಾನು ತುಂಬಿದ್ದು ನಿನ್ನದನ್ನು ಬಿಟ್ಟು ಹತ್ತೊಂಬತ್ತು. ಎಲ್ಲದರಲ್ಲೂ ಏಳನೆಯದು ಒಂದೇ ಮಾತು. ಒಬ್ಬನಿಗೂ ಕೇಳಿಲ್ಲ. ನಿನ್ನದು ಗುರುತಿನವನೆಂಬ ಅಭಿಮಾನದಲ್ಲಿ ಆದ ತಪ್ಪು ಎಂದು ಇಷ್ಟು ದಿನ ನನ್ನನ್ನು ನಾನೇ ಸಂತೈಸಿಕೊಂಡಿದ್ದೆ. ಈ ಹತ್ತೊಂಬತ್ತು ಜನರಲ್ಲಿ ಬಹಳಷ್ಟು ಜನರ ಮುಖವೂ ನನಗೆ ನೆನಪಿಲ್ಲ.

ಹನ್ನೆರಡು ಜನರ ವರ್ಷ ತುಂಬಿ ಹೋಗಿದೆ. ಏಳು ಜನರದು ಉಳಿದಿದೆ. ಸಾಹೇಬರಿಗೆ ಎಲ್ಲವನ್ನೂ ಹೇಳಿದೆ, ನಿನ್ನ ಕಾಗದ ಕಿಸೆಯಲ್ಲಿಟ್ಟುಕೊಂಡದ್ದನ್ನೂ ಹೇಳಿದೆ. ಈ ಸಲ ಅವರು ಯಾರನ್ನೂ ಕರೆದು ಹೊಗಳಲಿಲ್ಲ. ನನ್ನ ಕಾಯಂ ಹುಕುಮನ್ನು ತಡೆಹಿಡಿದು ಮೇಲಕ್ಕೆ ಬರೆದಿದ್ದಾರೆ. ಏನಾಗುತ್ತದೋ ಗೊತ್ತಿಲ್ಲ. ಗುರುಬಸವ್ವ ನನ್ನ ಜೊತೆ ಮಾತು ಬಿಟ್ಟಿದ್ದಾಳೆ.

ಇವತ್ತು ಭಾನುವಾರ. ಹೊಸ ಕಾರ್ಡು ತೆಗೆದುಕೊಂಡು ನಮ್ಮೂರಿನ ನಿಮ್ಮ ಕೇರಿಗೆ ಹೋದೆ. ಹುಟ್ಟಿದ ಊರು, ಆದರೆ ಆ ಕೇರಿಯಲ್ಲಿ ನಾನು ಕಾಲಿಟ್ಟದ್ದು ಇದೇ ಮೊದಲು. ಮೊದಲನೆಯವನು ಶಂಕರೆಪ್ಪ. ಅವನ ವರ್ಷ ತುಂಬಲು ಇಪ್ಪತ್ತೆರಡು ದಿನ ಉಳಿದಿವೆ. ಅವನ ತಾಯಿ ಹುಲಿಗೆವ್ವ ನಿನ್ನನ್ನು ಎತ್ತಿ ಆಡಿಸಿದವಳಂತೆ. ಕಂಬಳಿ ಹಾಸಿದಳು. ಕೂತು ಒಂದೊಂದಾಗಿ ಕೇಳಿದೆ. ಏಳನೆಯದಕ್ಕೆ ಶಂಕರೆಪ್ಪ ತಾನು ಫೌಜಿನ ದವಾಖಾನೆಯಲ್ಲಿ ನಾಲ್ಕು ವರ್ಷ ಗಾಯ ತೊಳೆದು ಪಟ್ಟಿ ಕಟ್ಟಿದವನು, ಸೂಜಿ ಹಾಕುವುದನ್ನೂ ಕಲಿತವನು ಎಂದ. ಅವನು ಹೇಳಿದಂತೆಯೇ ಬರೆದೆ.

ಹುಲಿಗೆವ್ವ ಕೇಳಿದಳು, “ನಿಮ್ಮ ಗೆಳ್ಯಾ ಭಾಗಪ್ಪಗೂ ಹಿಂಗ ಕುಂತು ಕೇಳಿದ್ರೇನ್ರಿ ಯಪ್ಪಾ?”

ಇಲ್ಲಬೇ ಅಂದೆ. ಯಾಕ್ರಿ ಅಂದಳು. ಸುಳ್ಳು ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡು ಎಲ್ಲವನ್ನೂ ಹೇಳಿದೆ. ಕುರ್ಚಿಯದು, ಕಿಸೆಯದು, ಶಂಕರೆಪ್ಪನ ಹಳೆಯ ಕಾರ್ಡಿನಲ್ಲಿ ನಾನು ಏನು ಬರೆದಿದ್ದೆ ಎಂಬುದನ್ನೂ. ಸುತ್ತ ನಾಲ್ಕೈದು ಮಂದಿ ಬಂದು ನಿಂತಿದ್ದರು. ಹುಲಿಗೆವ್ವ ಎದ್ದು ಒಳಗೆ ಹೋದಳು, ಮತ್ತೆ ಹೊರಗೆ ಬರಲಿಲ್ಲ. ನಾನು ಕಾರ್ಡು ಮಡಿಚಿಕೊಂಡು ಏಳಲು ಹೋದೆ.

ಶಂಕರೆಪ್ಪ ಕೂತಲ್ಲಿಂದ ಅಲುಗಿರಲಿಲ್ಲ. ನನ್ನ ಮುಖವನ್ನೂ ನೋಡಲಿಲ್ಲ. “ಎಂಟನೇದ್ದು ಕೇಳ್ರಿ,” ಅಂದ.

ಕೂತು ಕೇಳಿದೆ.

ಶಿವಯೋಗೆಪ್ಪ